ಐನೂರು ಎಂ.ಎಲ್., ಕಪ್ಪು

ಸಂತೆಪೇಟೆಯ ಮುನೀರ್ ಸಾಬರು
ಎರಡು ಡಬ್ಬಿ ಅಕ್ಕಪಕ್ಕ ಇಟ್ಟರು.
ಬಿಳಿಯದು ನಾಲ್ಕೂಕಾಲು, ಕರಿಯದು ಆರೂವರೆ.
ಮುಚ್ಚಳ ಎರಡಕ್ಕೂ ಒಂದೇ,
ಗಾಜಿನಂತೆ ಕಾಣುವ ಪ್ಲಾಸ್ಟಿಕ್ಕು.
"ಕರಿದೇ ತಗೊಳ್ಳಿ ಅಕ್ಕ, ರಿಚ್ ಲುಕ್ ಬರ್ತದೆ.
ಒಳಗೆ ಏನೇ ಹಾಕಿ, ದೊಡ್ಡ ಹೋಟೆಲಿಂದ ಬಂದಂಗಿರ್ತದೆ."

ನನ್ನ ನೋಡಲು ಪಾಂಡವಪುರದಿಂದ
ವ್ಯಾನು ತುಂಬಿಕೊಂಡು ಬಂದವರಲ್ಲಿ
ಒಬ್ಬರಾದರೂ ಹೀಗೆ ಅಂದಿದ್ದರೆ!
ಅವತ್ತು ಚಿಕ್ಕಮ್ಮ ಪೌಡರು ಬಳಿದು
ಟ್ಯೂಬ್‌ಲೈಟಿನ ಕೆಳಗೇ ಕೂರಿಸಿದ್ದಳು.

ನಕ್ಕೆ.
ರೇಟು ಕೇಳಿ ನಕ್ಕಳೆಂದು ತಿಳಿದ ಸಾಬರು
ಹತ್ತು ಪೈಸೆ ಇಳಿಸಿದರು.

ಇನ್ನೂರು ಡಬ್ಬಿ. ಸ್ಕೂಟರಿನಲ್ಲಿ ಕಾಲಿಡುವ ಜಾಗಕ್ಕೆ ತುರುಕಿ
ಗಾಂಧಿ ಚೌಕ ದಾಟಿ, ಇಟ್ಟಿಗೆಗೂಡಿಗೆ.

ಫೋಟೋ ಹಿಡಿಯಲು ತಮ್ಮನ ಮಗ ಚೆಲುವರಾಜ ಬಂದ.
ಮೊದಲು ಮೊಸರನ್ನ.
ಅಶೋಕ ರಸ್ತೆಯ ಸೇಟು ಸರ ತೋರಿಸುವ ಮುಂಚೆ
ಕಪ್ಪು ಮಖಮಲ್ಲು ಹಾಸುತ್ತಾನಲ್ಲ, ಹಾಗೆ
ದಾಳಿಂಬೆಯ ನಾಲ್ಕು ಕಾಳಿಗೂ ಬೆಲೆ ಬಂತು.
ಚಿತ್ರಾನ್ನಕ್ಕಂತೂ
ತಾನು ಇಷ್ಟು ಹಳದಿಯೆಂದು ಇವತ್ತೇ ತಿಳಿದದ್ದು.

ಆಮೇಲೆ ಮುದ್ದೆ.
ಮುದ್ದೆ ಇಟ್ಟೆ.
"ಇಡು ಅತ್ತೆ" ಎಂದ, ಫೋನಿನ ಹಿಂದಿನಿಂದ.
ಇಟ್ಟಾಯಿತು ಕಣೋ.
ಪಕ್ಕದ ಕುಳಿಗೆ ಬಸ್ಸಾರು ಬಿಟ್ಟೆ,
ರಾತ್ರಿಯೊಳಕ್ಕೆ ಇನ್ನೊಂದು ರಾತ್ರಿ ಸುರಿದಂತೆ.
ಅವನು ಲೈಟು ಹಾಕಿದ, ಕಿಟಕಿ ತೆರೆದ, ಸ್ಟೂಲು ಹತ್ತಿದ.
ಈರುಳ್ಳಿ ಬಳೆ, ನಿಂಬೆ ಹೋಳು, ಎರಡು ಎಲೆ ಕೊತ್ತಂಬರಿ,
ಮುದ್ದೆಯ ನೆತ್ತಿಗೆ ಒಂದು ಚಮಚ ತುಪ್ಪ.
ಫೋಟೋದಲ್ಲಿ ತುಪ್ಪ ಬಂತು.

ಎಂಬತ್ತು ರೂಪಾಯಿಯ ಬಸ್ಸಾರು ಮುದ್ದೆ
ನೂರ ನಲವತ್ತೊಂಬತ್ತರ ರಾಗಿ ಬೌಲ್ ಆಯಿತು.
ಒಳಗೆ ಅದೇ ಹುರುಳಿಕಾಳು, ಅದೇ ದಂಟಿನ ಸೊಪ್ಪು,
ಬಸಿಯುವಾಗ ಸುಟ್ಟುಕೊಳ್ಳುವ ಅದೇ ಎಡಗೈ.

ಮೊದಲ ವಾರವೇ ಹನ್ನೊಂದು ಆರ್ಡರು ಹೆಚ್ಚು.
ಗೋಕುಲಂನ ಒಬ್ಬಾಕೆ ಐದು ನಕ್ಷತ್ರ ಕೊಟ್ಟು
‘ಪ್ಯಾಕಿಂಗ್ ಸೂಪರ್’ ಎಂದು ಬರೆದಳು.
ಆ ಎರಡು ಪದದ ಸುತ್ತಲೂ ಹುಡುಕಿದೆ,
ಉಂಡಾದ ಮೇಲೆ ತಟ್ಟೆಯಂಚು ಸವರುವ ಹಾಗೆ.

ಶನಿವಾರ ನಂಜಪ್ಪಾಜಿ ಬಂದರು.
ಮೃಗಾಲಯದಲ್ಲಿ ಮೂವತ್ತು ವರ್ಷ ಆನೆಗಳಿಗೆ ಮುದ್ದೆ ಕಟ್ಟಿದವರು.
ನನ್ನ ಮುದ್ದೆ ಅವರಿಗೆ ಯಾವತ್ತೂ ಸಣ್ಣದೇ.
ಕೈಯಲ್ಲಿ ಎರಡಂತಸ್ತಿನ ಸ್ಟೀಲ್ ಕ್ಯಾರಿಯರು.
"ಡಬ್ಬಿ ಬ್ಯಾಡ ಕಣವ್ವ.
ಡಬ್ಬಿ ಕಾಸು ಎಷ್ಟು ಹಿಡಿದಿದ್ದೀಯ, ಅದ ಕಳಿ."

ಕಳೆದೆ.
ಆರು ನಲವತ್ತು ಹೋದರೆ ನೂರ ನಲವತ್ತೆರಡು ಅರವತ್ತು.
ಎಂಬತ್ತು ತಗೊಂಡೆ.
ನಡುವೆ ಉಳಿದ ಅರವತ್ತೆರಡು ರೂಪಾಯಿ ಅರವತ್ತು ಪೈಸೆ
ಯಾರದು, ಯಾವುದರದು,
ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಮನೆ ಇರಲಿಲ್ಲ.

ಅವತ್ತೇ ರಾತ್ರಿ ಒಂದು ಆರ್ಡರು ಕ್ಯಾನ್ಸಲ್ಲು.
ಹಿಂದೆಯೇ ಕರೆಂಟೂ ಹೋಯಿತು.
ಮೆಟ್ಟಿಲ ಮೇಲೆ ಕೂತು ಮುಚ್ಚಳ ಬಿಚ್ಚಿದೆ.
ಡಬ್ಬಿ ಕಾಣಲಿಲ್ಲ, ಮುದ್ದೆ ಕಾಣಲಿಲ್ಲ, ನನ್ನ ಕೈಯೂ.
ಬೆರಳು ತಾನಾಗಿ ಬಿಸಿ ಇದ್ದ ಕಡೆ ಹೋಗಿ
ಮುರಿಯಿತು, ಅದ್ದಿತು.
ಗೋಡೆಯಾಚೆ ಮೃಗಾಲಯದಲ್ಲಿ
ಸಿಂಹ ಒಂದು ಸಲ ಕೆಮ್ಮಿ ಸುಮ್ಮನಾಯಿತು.

ಸಾರಿಗೆ ಉಪ್ಪು ಕಮ್ಮಿ.
ವಾರದಿಂದ ಕಮ್ಮಿಯೇ ಇದ್ದಿರಬೇಕು.
ಯಾರೂ ಹೇಳಿರಲಿಲ್ಲ.