ತಣಿಯುವವರೆಗೆ

ಬಾನೆಟ್ಟಿನ ಮೇಲೆ ಕೈಯಿಟ್ಟೆ. ಬಿಸಿ.
ನಾನು ಬರುವ ಮೊದಲೇ ಒಮ್ಮೆ ಸ್ಟಾರ್ಟ್ ಮಾಡಿದ್ದಾರೆ.
"ಎಂತ ನೋಡ್ತೀರಿ, ಜ್ವರವಾ?" ಅಂದರು ಸೆವ್ರಿನ್ ಬಾಯಿ,
ಮಲ್ಲಿಗೆ ಕಟ್ಟುತ್ತಿದ್ದವರು, ಹಲ್ಲಿನಲ್ಲಿದ್ದ ಬಾಳೆನಾರು ತೆಗೆದು.

ಇಪ್ಪತ್ತೆಂಟು ವರ್ಷ ಕಂಡಕ್ಟರು ನಾನು,
ಉಡುಪಿ–ಕಾರ್ಕಳ, ಹಿಂದಿನ ಬಾಗಿಲಲ್ಲಿ ನೇತಾಡಿ.
ಡೀಸೆಲ್ ಇಂಜಿನಿನ ಸುಳ್ಳು ನನ್ನ ಕಿವಿಗೆ ಗೊತ್ತು:
ಬಿಸಿಯಿರುವಾಗ ಎಲ್ಲವೂ ಒಳ್ಳೆಯದೇ ಮಾತಾಡುತ್ತದೆ.
ಬೆಳಿಗ್ಗೆ ಐದೂವರೆಗೆ, ಮೈ ತಣ್ಣಗಿರುವಾಗ
ಎಷ್ಟು ಸಲ ಕೆಮ್ಮುತ್ತದೆ, ಅದರಲ್ಲಿದೆ ಲೆಕ್ಕ.

"ತಣಿಯಲಿ ಬಾಯೀ, ನಾನು ಕೂರುತ್ತೇನೆ."

ಚಾ ಬಂತು. ಹುಂಜವೊಂದು ಟ್ರೈಲರಿನ ಕೊಕ್ಕೆ ಹತ್ತಿ
ನನ್ನನ್ನು ಅಳೆಯಿತು. ಇಪ್ಪತ್ತೆರಡು ಎಚ್‌ಪಿ.
ಕೆಂಪು ಅಂದಿದ್ದರು ಫೋನಿನಲ್ಲಿ; ಈಗ ಹಳೆಯ ಒಣಮೆಣಸು.
ಮುಂದಿನ ಟೈರು ಹೊಸತು, ಹಿಂದಿನದಕ್ಕೆ ಅರ್ಧ ಹಲ್ಲು.
ಮೀಟರು ೧೧೪೩ ಗಂಟೆಗೆ ನಿಂತಿದೆ.
"ಇಲಿ ವೈರು ಕಡಿದದ್ದು. ಯಾವಾಗ ಅಂತ ಇಲಿಗೇ ಗೊತ್ತು."
ಆಯಿಲ್ ಕಡ್ಡಿ ಎಳೆದೆ: ಕಪ್ಪು. ಹಾಲಿನ ಬಣ್ಣವಿಲ್ಲ, ಸದ್ಯ.

ನನಗೂ ದೊಡ್ಡದು ಬೇಡ. ಪೆರ್ಣಂಕಿಲದಲ್ಲಿ
ಎರಡು ಎಕರೆಗೆ ಹದಿನೈದು ಸೆಂಟ್ಸ್ ಕಡಿಮೆ;
ದೊಡ್ಡ ಟ್ರ್ಯಾಕ್ಟರ್ ತಿರುಗುವಷ್ಟರಲ್ಲಿ ಗದ್ದೆ ಮುಗಿಯುತ್ತದೆ.
ಟಿಲ್ಲರಿನ ಬೂಬ ನಾಯ್ಕರು ಫೋನಿಗೆ ಸಿಗುವುದು
ನೇಜಿ ಹಳದಿಯಾದ ಮೇಲೆ.

ಆಗ ಕಂಡದ್ದು ಕ್ಲಚ್ಚಿನ ಪೆಡಲು.
ರಬ್ಬರು ಎಡಮೂಲೆಯಲ್ಲಿ ಮಾತ್ರ ಸವೆದು ಕಬ್ಬಿಣ ಹೊಳೆಯುತ್ತಿದೆ,
ಚಿಕ್ಕ ಹೆಜ್ಜೆ, ಓರೆ.
ಮೀಟರು ನಿಂತ ಮೇಲೂ ಇದು ನಿಂತಿಲ್ಲ.
"ಯಾರು ಓಡಿಸಿದ್ದು?"
"ನಾನೇ ಮತ್ತೆ. ಇನ್ಯಾರು?"
ಸೀರೆ ತುಸು ಎತ್ತಿ ಮೊಣಕಾಲು ತೋರಿಸಿದರು,
ಮಣಿಪಾಲದ ಹೊಲಿಗೆ, ಉದ್ದ, ನೇರ.
"ಸ್ಟೀಲ್ ಹಾಕಿದ್ದಾರೆ. ಮಡಚುತ್ತದೆ, ಕ್ಲಚ್ ಒತ್ತುವುದಿಲ್ಲ.
ದಿನಾ ನ್ಯೂಟ್ರಲಿನಲ್ಲಿ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಕೂರುತ್ತೇನೆ.
ಇವತ್ತೂ ಕೂತೆ. ನಿಮಗೆ ಮೋಸ ಮಾಡಲಿಕ್ಕೆ ಅಲ್ಲ."

ನನ್ನ ಬಲಗೈ ತನ್ನಷ್ಟಕ್ಕೆ ಎಡ ಹೆಗಲಿಗೆ ಹೋಯಿತು.
ಚೀಲದ ಪಟ್ಟಿ ಜಗ್ಗಿ ಜಗ್ಗಿ ಅದು
ಇನ್ನೊಂದಕ್ಕಿಂತ ಒಂದು ಬೆರಳು ಕೆಳಗೆ.
ಏನೂ ಹೇಳಲಿಲ್ಲ. ಗ್ಲಾಸು ಕೆಳಗಿಟ್ಟೆ.

ಹನ್ನೊಂದೂಕಾಲಕ್ಕೆ ಬಾನೆಟ್ಟು ಬಾವಿಕಟ್ಟೆಯಷ್ಟು ತಣ್ಣಗೆ.
ಕೀ ತಿರುಗಿಸಿದರು. ಒಂದು.
ಎರಡು.
ಮೂರಕ್ಕೆ ಬಿಳಿ ಹೊಗೆ, ಹುಂಜ ಮಾಡಿಗೆ.
ನಾಲ್ಕಕ್ಕೆ ಹಿಡಿಯಿತು.
"ಮಳೆಗಾಲದಲ್ಲಿ ಐದು," ಸದ್ದಿನ ಮೇಲೆ ದನಿಯೆತ್ತಿ,
"ನೀವು ಕೇಳಲಿಲ್ಲ, ನಾನು ಹೇಳ್ತಿದ್ದೇನೆ."
ಒಂದು ಎಂಬತ್ತು ಅಂದವರು ಒಂದು ಅರವತ್ತೆರಡಕ್ಕೆ ಇಳಿದರು.
ಅರವತ್ತು ಅನ್ನಬಹುದಿತ್ತು. ಅನ್ನಲಿಲ್ಲ.

ಇನ್ನು ಮರ್ಯಾದೆಯ ಪ್ರಶ್ನೆ.
ಇಷ್ಟು ವರ್ಷ "ಪೋಯಿ, ರೈಟ್" ಎಂದವನು
ಒಂದು ದಿನವೂ ಸ್ಟಿಯರಿಂಗ್ ಮುಟ್ಟಿದವನಲ್ಲ.
ಒಯ್ಯಲಿಕ್ಕೆ ಸಂಜೆ ಅಳಿಯ ಬರುತ್ತಾನೆ ಅಂದೆ.
"ಅಲ್ಲಿವರೆಗೆ ಮುಖ ನೋಡುವುದಾ? ಹತ್ತಿ."
ಕ್ಲಚ್ ನಾನು ಒತ್ತಿದೆ, ಪಕ್ಕದಲ್ಲಿ ನಿಂತು ಗೇರು ಅವರು ಹಾಕಿದರು.
"ಮೆಲ್ಲ ಬಿಡಿ. ಮುದುಕಿಯರು ಇಳಿಯುವವರೆಗೆ
ಬಸ್ಸು ನಿಲ್ಲಿಸುತ್ತಿದ್ದಿರಲ್ಲ, ಹಾಗೆ."
ನಾನು ಹಾಗೆ ನಿಲ್ಲಿಸಿದವನಲ್ಲ.
ಪಾದ ಆ ಓರೆ ಹೊಳಪಿನಲ್ಲೇ ಕೂತಿತು, ಬೇರೆ ಜಾಗವಿರಲಿಲ್ಲ.
ಅಂಗಳದಲ್ಲಿ ಒಂದು ಸುತ್ತು.
ಮಲ್ಲಿಗೆಗೆ ತಾಗಲಿಲ್ಲ. ಬಟ್ಟೆ ಒಣಗುವ ಹಗ್ಗಕ್ಕೆ ತಾಗಿತು.

ಟ್ಯಾಂಕಿನ ಡೀಸೆಲಿಗೆ ಮುನ್ನೂರು ಬೇರೆ. ಐನೂರು ಕೊಟ್ಟೆ, ಚಿಲ್ಲರೆಯಿಲ್ಲ.
ಆರ್‌ಸಿಯ ಜೆರಾಕ್ಸಿನ ಹಿಂದೆ ಬರೆದುಕೊಟ್ಟರು:
೨೦೦ ಕೊಡಲಿಕ್ಕುಂಟು. ಸೆವ್ರಿನ್.
ಟಿಕೆಟಿನ ಹಿಂದೆ ನಾನು ಹೀಗೇ ಬರೆದುಕೊಟ್ಟವರು
ಎಷ್ಟು ಮಂದಿಯೋ, ಎಲ್ಲೆಲ್ಲಿ ಇಳಿದರೋ.

"ಆದಿತ್ಯವಾರ ಪೂಜೆ ಆದ ಮೇಲೆ ಬನ್ನಿ, ಕೊಡ್ತೇನೆ.
ಬರುವಾಗ ಇದರಲ್ಲೇ ಬನ್ನಿ."