ಇಂದು ನೀವು ಸಾಕಷ್ಟು ನಡೆದಿಲ್ಲ

ಕಬ್ಬಿಣದ ಸಲಾಕೆಯಿಂದ ಸಿಲಿಂಡರಿನ ಮೈಗೆ
ಟಣ್ ಟಣ್ ಬಡಿಯುತ್ತ ಬರುತ್ತದೆ
ಹೆರ್ವಾಸಿಯೊನ ಲಾರಿ,
ವಲ್ಪರೈಸೊ ಬಂದರಿಗೆ ಬೆನ್ನುಕೊಟ್ಟ ಗುಡ್ಡದ ಬುಡಕ್ಕೆ.
ಅಲ್ಲಿಗೆ ರಸ್ತೆ ಮುಗಿಯಿತು.
ಮುಂದೆ ಮೆಟ್ಟಿಲು, ಮೆಟ್ಟಿಲ ಮೇಲೆ ನಾಯಿ,
ನಾಯಿ ದಾಟಿದರೆ ಮತ್ತೆ ಮೆಟ್ಟಿಲು.
ತಗಡಿನ ಮನೆಗಳು ಒಂದರ ಹೆಗಲಿಗೊಂದು ಕಾಲೂರಿ
ಕಡಲು ನೋಡುತ್ತ ನಿಂತಿವೆ.

ಜನರನ್ನು ಮೇಲಕ್ಕೆಳೆಯುತ್ತಿದ್ದ ಹಗ್ಗದ ಗಾಡಿ
ಕೆಟ್ಟು ಕೂತು ಮೂರು ವರ್ಷ.
ಹದಿನೈದು ಕಿಲೋ ಅನಿಲ, ಹೆಚ್ಚುಕಡಿಮೆ ಅಷ್ಟೇ ತೂಕದ ಕಬ್ಬಿಣ,
ನಡುವೆ ಮಡಚಿಟ್ಟ ಗೋಣಿ, ಕೆಳಗೆ ಹೆಗಲು.
ಇನ್ನೂರ ಹನ್ನೆರಡು ಮೆಟ್ಟಿಲು.
ಎಣಿಸಿದ್ದು ಅವನಲ್ಲ, ಯಸ್ನಾ.

ಯಸ್ನಾ ಆ್ಯಪ್ ಕಟ್ಟುವವಳು.
ಗುಡ್ಡದ ಜನರನ್ನು ಗಟ್ಟಿಮುಟ್ಟು ಮಾಡಬೇಕೆಂದು
ಪುರಸಭೆ ಒಂದಿಷ್ಟು ದುಡ್ಡು ಕೊಟ್ಟಿದೆ.
ಅವಳ ಪುಸ್ತಕದ ಅಂಚಿನಲ್ಲೆಲ್ಲ
ಸಾಲು ತಪ್ಪಿದ ಇರುವೆಗಳಂತೆ ಹೊಳಹುಗಳು:
ಉಪ್ಪು ಹೆಚ್ಚಿದರೆ ಗದರುವ ಫೋನು,
ಅಜ್ಜಿಯ ಗುಳಿಗೆಗೆ ಮೊಮ್ಮಗನ ದನಿಯ ಅಲಾರಂ,
ನೂರು ಮೆಟ್ಟಿಲು ಹತ್ತಿದವರಿಗೆ ಬೇಕರಿಯಲ್ಲಿ ರಿಯಾಯಿತಿ
(ಪಕ್ಕದಲ್ಲೇ ಪೆನ್ಸಿಲಿನಲ್ಲಿ:
ತಿಂದದ್ದನ್ನು ಇಳಿಸುವುದು ಯಾರು?)

ಮೊದಲ ಪರೀಕ್ಷೆಗೆ ಮೂವತ್ತು ಮಂದಿ.
ವಾರ ಕಳೆದು ಪಟ್ಟಿ ಬಂತು.
ಎಲ್ಲರಿಗಿಂತ ಕೆಳಗೆ, ಕೆಂಪು ಬಣ್ಣದಲ್ಲಿ,
ಹೆರ್ವಾಸಿಯೊ ಪೊಬ್ಲೆತೆ, ಐವತ್ತೆಂಟು,
ದಿನಕ್ಕೆ ಒಂಬೈನೂರು ಹೆಜ್ಜೆ.

ಅವನ ಅಡುಗೆಮನೆಯಲ್ಲಿ ಸಂಜೆಯ ಚಹಾ,
ಬ್ರೆಡ್ಡಿನ ಮೇಲೆ ಹಿಸುಕಿದ ಬೆಣ್ಣೆಹಣ್ಣು.
‘ಫೋನು ಎಲ್ಲಿಡುತ್ತೀರಿ?’
‘ಲಾರಿಯಲ್ಲಿ. ಮಗಳು ಕಂತಿನಲ್ಲಿ ಕೊಡಿಸಿದ್ದು.
ಸಿಲಿಂಡರು ಜಾರಿದರೆ ನನ್ನ ಕಾಲು ಹೋಗಲಿ,
ಗಾಜು ಒಡೆಯಬಾರದು.’

ಹಾಗಾದರೆ ಆ ಒಂಬೈನೂರು?
ಅವನು ಚಹಾ ಕಲಕಿದ, ಕಲಕಿದ್ದನ್ನೇ ಮತ್ತೆ ಕಲಕಿದ.
ರಾತ್ರಿ ಒಂಬತ್ತಕ್ಕೆ ಅದು ಹೇಳುತ್ತದಂತೆ:
ಇಂದು ನೀವು ಸಾಕಷ್ಟು ನಡೆದಿಲ್ಲ. ಏಳಿ!
ಕುಂಬಳಕಾಯಿ ಕಳ್ಳ ಎಂದಾಗ
ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ
ಇವನೂ ಮುಟ್ಟಿ ನೋಡಿಕೊಂಡ.
ಬೂದಿ ಇರಲಿಲ್ಲ. ಬಾವು ಇತ್ತು.
ಎದ್ದ. ಫೋನು ಜೇಬಿಗಿಟ್ಟ.
ಕೆಳಮನೆಯ ಮಗು ಎಚ್ಚರಾಗದಂತೆ ಬರಿಗಾಲಲ್ಲಿ
ಈ ಮೇಜಿನ ಸುತ್ತ, ಈ ಮೇಜಿನ ಸುತ್ತ,
ದಿನವೂ.
‘ಪಾಪ, ಅದಕ್ಕೆ ಬೇಸರವಾಗಬಾರದಲ್ಲ.’

ಯಸ್ನಾಳ ಬಾಯಲ್ಲಿ ಬ್ರೆಡ್ಡು ಹಾಗೇ ನಿಂತಿತು.
ಪಟ್ಟಿಗೆ ಕಟ್ಟುವ ಪುಟ್ಟ ಗುಂಡಿ ಮಾಡೋಣ ಎಂದಳು,
ಭಾರವನ್ನೂ ಅಳೆಯುತ್ತದೆ, ಏರನ್ನೂ.
ಅವನು ಮರ್ಯಾದೆಗೆ ತಲೆದೂಗಿದ.
‘ಎಣಿಕೆ ಇರಲಿ. ಇದಕ್ಕೆ ಕೇಳಿಸಿಕೊಳ್ಳಲು ಬರುತ್ತದೆಯೆ?’
ಫೋನನ್ನು ಬಲ ಮೊಣಕಾಲಿಗೆ ಒತ್ತಿ
ನಿಧಾನವಾಗಿ ಕೂತ, ನಿಧಾನವಾಗಿ ಎದ್ದ.
ಹನ್ನೊಂದು ಸೆಕೆಂಡು.
ಬಾಣಲೆಯ ಬಿಸಿಮರಳಿನಲ್ಲಿ
ಯಾರೋ ಕಡಲೆ ಹುರಿಯುತ್ತಿದ್ದರು.

ಅವಳು ಅಂಚಿನಲ್ಲಿ ಬರೆದುಕೊಂಡಳು:
ಸಾಕು ಎನ್ನುವ ಆ್ಯಪ್.
ಓದಿ ಹೇಳಿದಾಗ ನಕ್ಕ.
‘ಹೇಳಲಿ, ಒಳ್ಳೆಯದೇ.
ನೂರ ಎಂಬತ್ತನೆಯ ಮೆಟ್ಟಿಲಲ್ಲಿ ಹೇಳಿದರೆ?
ಮೇಲೆ ದೋನ್ಯಾ ಎದೆಲ್ಮಿರಾಳ ಒಲೆ ಆರಿರುತ್ತದೆ.’

ಮರುದಿನ, ಟಣ್ ಟಣ್.
ಅವನ ಫೋನನ್ನು ತನ್ನ ಜೇಬಿಗೆ ಹಾಕಿಕೊಂಡು
ಅವನ ಹಿಂದೆ ಹತ್ತಿದಳು ಯಸ್ನಾ, ಬರಿಗೈಯಲ್ಲಿ.
ತೊಂಬತ್ತಕ್ಕೆ ಗೋಡೆ ಹಿಡಿದಳು,
ನೂರ ನಲವತ್ತಕ್ಕೆ ನಾಯಿಯ ಪಕ್ಕ ಕೂತಳು.
ಅವಳು ತುದಿ ಮುಟ್ಟಿದಾಗ ಜೇಬು ನಡುಗಿತು,
ಪರದೆಯ ತುಂಬ ಬಣ್ಣದ ಕಾಗದದ ಚೂರು:
ಭೇಷ್ ಹೆರ್ವಾಸಿಯೊ!

ಎದೆಲ್ಮಿರಾ ಚಿಲ್ಲರೆ ಎಣಿಸಿ ಕೊಟ್ಟಾಗಿತ್ತು,
ಒಲೆ ಹೊತ್ತಿಯಾಗಿತ್ತು.
ನೀರಿನ ಲೋಟವನ್ನು
ಏದುಸಿರು ಬಿಡುತ್ತಿದ್ದ ಹುಡುಗಿಯ ಕೈಗಿಟ್ಟಳು.
ಖಾಲಿ ಸಿಲಿಂಡರು ಹೊತ್ತು ಅವನು ಇಳಿಯುತ್ತಿದ್ದ,
ಒಂದೊಂದು ಮೆಟ್ಟಿಲಿಗೂ
ಬಲಗಾಲನ್ನು ತುಸು ತಡವಾಗಿ ಇಡುತ್ತ.