ಗುಂಡಿ

ಸದ್ದು ಶುರುವಾದದ್ದು ಗಾಜನೂರಿನ ಹತ್ತಿರ.
ತೀರ್ಥಹಳ್ಳಿಯ ಮದುವೆಮನೆಗೆ ಏಳು ಬ್ಲೌಸು ಬೆನ್ನಿಗೆ ಕಟ್ಟಿಕೊಂಡು ಹೊರಟಿದ್ದೆ.
ಮೂರನೇ ಗೇರಿನಲ್ಲಿ ಮಾತ್ರ, ಎಡಮೊಣಕಾಲಿನ ಪಕ್ಕ,
ಪಾತ್ರೆ ಅಂಗಡಿಯಲ್ಲಿ ಯಾರೋ ತಟ್ಟೆ ಆರಿಸುತ್ತಿರುವ ಹಾಗೆ.
ಸಕ್ರೆಬೈಲು ದಾಟುವಷ್ಟರಲ್ಲಿ ನಾಲ್ಕನೇ ಗೇರಿಗೂ ಅಂಟಿತು.

ರಸ್ತೆಯ ಗುಂಡಿ ಗಾಡಿಯ ಗುಂಡಿ ಕಿತ್ತಿತ್ತು.
ಹೀಗೆಂದರೆ ಜಬೀವುಲ್ಲಾ ನಗಲಿಲ್ಲ.
ಆಟೋ ಕಾಂಪ್ಲೆಕ್ಸಿನ ಎಣ್ಣೆನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು
ಫೇರಿಂಗಿನ ಅಂಚು ಎತ್ತಿ, ಬಿಟ್ಟು, ಮತ್ತೆ ಎತ್ತಿ,
"ಕ್ಲಿಪ್ ಹೋಗಿದಾವೆ ಅಕ್ಕ, ಪ್ಲಾಸ್ಟಿಕ್ಕು. ಟೈ ಹಾಕಿ ಎಳ್ದುಬಿಡ್ಲಾ?"

ಬೇಡ ಅಂದೆ.
ದುರ್ಗಿಗುಡಿಯಲ್ಲಿ ಹತ್ತೊಂಬತ್ತು ವರ್ಷ ಹೊಲಿದಿದ್ದೇನೆ,
ಹುಕ್ಕಿನ ಜಾಗಕ್ಕೆ ಸೇಫ್ಟಿ ಪಿನ್ನು ಚುಚ್ಚಿ ಯಾರನ್ನೂ ಕಳಿಸಿಲ್ಲ.

ನೆಹರೂ ರಸ್ತೆಯಲ್ಲಿ ಪೊಟ್ಟಣಕ್ಕೆ ಇಪ್ಪತ್ತು.
ಅಂಗಿಗುಂಡಿಯಷ್ಟು ಅಗಲದ ಕರಿ ತಲೆ,
ನಡುವೆ ಒಂದು ಮೊಳೆ, ಕೆಳಗೆ ನಾಲ್ಕು ಪುಟ್ಟ ಕಾಲು.
"ಯಾರ ಗಾಡಿಗಮ್ಮ?" ಅಂದ ಅಂಗಡಿಯವನು.
ನನ್ನದೇ ಅಂದಮೇಲೆ ಇನ್ನೊಮ್ಮೆ ಎಣಿಸಿ ಕೊಟ್ಟ.

ಭಾನುವಾರ. ಅಂಗಡಿಯ ಶಟರು ಅರ್ಧ ಎತ್ತಿ, ಮೆಟ್ಟಿಲ ಮುಂದೆ ಗಾಡಿ.
ಮೊದಲನೆಯದನ್ನು ಸ್ಕ್ರೂಡ್ರೈವರಿನಲ್ಲಿ ಮೀಟಿದೆ,
ತಲೆ ಹಾರಿ ಚರಂಡಿಗೆ ಬಿತ್ತು.
ಎರಡನೆಯದೂ.
ಫೋನು ಹಚ್ಚಿದರೆ ಜಬೀವುಲ್ಲಾನಿಗೆ ಊಟದ ಹೊತ್ತು, ಬಾಯಲ್ಲಿ ತುತ್ತು:
"ಮೀಟ್ಬ್ಯಾಡಿ, ಒತ್ತಿ. ಮೊಳೆ ಇನ್ನೊಂಚೂರು ಒಳಗೋದ್ರೆ ಅದೇ ಬಿಡ್ತದೆ."

ಬಿಟ್ಟಿತು.
ತಲೆಮಟ್ಟಕ್ಕೆ ಒತ್ತಿದರೆ ಕಾಲು ಅಗಲಿಸಿ ಹಿಡಿಯುತ್ತದೆ,
ಅದರ ಮೇಲೆ ಎಳ್ಳಷ್ಟು ಒತ್ತಿದರೆ ಮಡಚಿಕೊಂಡು ಬಿಡುತ್ತದೆ.
ಎಳೆದು ಎಳೆದು ಏನೇನು ಮುರಿದಿದ್ದೇನೋ ನಾನು
ಇದು ಗೊತ್ತಿಲ್ಲದೆ.

ಎಡಗಡೆಯ ಕವಚ ಕಳಚಿದರೆ ಒಳಗೆ ಓಂಕಾರಪ್ಪ.
ಆರ್‌ಸಿಯಲ್ಲಿ ಬರೀ ಹೆಸರು, ಊರು ಹೊಳೆಹೊನ್ನೂರು;
ಇಲ್ಲಿ ಆತನ ಸಂಸಾರವೇ ಇದೆ.
ಒಂದು ತೂತಿಗೆ ಕುಕ್ಕರು ಹಿಡಿಯ ತಿರುಪು,
ಒಂದಕ್ಕೆ ಮಕ್ಕಳ ಟಾನಿಕ್ಕಿನ ಮುಚ್ಚಳ ಕತ್ತರಿಸಿದ ಬಿಲ್ಲೆ,
ವಾಷರಿನ ಬದಲು ಎಂಟು ಮಡಿಕೆಯ ಬಸ್ ಟಿಕೆಟ್ಟು,
ಭದ್ರಾವತಿಯಿಂದ ಹೊಳೆಹೊನ್ನೂರಿಗೆ.
ಅವತ್ತು ಗಾಡಿ ಕೈಕೊಟ್ಟಿರಬೇಕು.
ಲೈಟಿನ ಕೆಳಗಿನ ತೂತಿಗೆ ಖಾಕಿ ಬಣ್ಣದ ಗುಂಡಿ,
ನಾಲ್ಕು ಕಣ್ಣಿಗೂ ತಾಮ್ರದ ತಂತಿ, ಅಡ್ಡಹೊಲಿಗೆ,
ಗಂಟು ಹಿಂಬದಿಗೆ, ಹುಡುಕಿದರೂ ಸಿಗದ ಹಾಗೆ.
ನನ್ನ ಹತ್ತಿರ ಕಲಿತವರಲ್ಲಿ ಈ ಗಂಟು ಬರುವುದು ಇಬ್ಬರಿಗೆ.

ಆತನೇ ಹಾಕಿದ್ದೋ, ಮನೆಯಲ್ಲಿ ಇನ್ಯಾರೋ,
ಫೋನು ಮಾಡಿ ಕೇಳಬಹುದು, ನಂಬರಿದೆ.
ಕೇಳಿದರೆ ನಾನು ಕೊಟ್ಟ ರೇಟೂ ನೆನಪಾಗುತ್ತದೆ, ಇಬ್ಬರಿಗೂ.

ಟಿಕ್.
ಒಂದೊಂದೇ ಕೂರಿಸುತ್ತಾ ಬಂದೆ. ಟಿಕ್. ಟಿಕ್.
ಹೆಬ್ಬೆರಳಿನ ತುದಿಯಲ್ಲಿ ಕೆಂಪು ಚುಕ್ಕಿ.
ಕೊನೆಯ ತೂತಿನಲ್ಲಿ ಮಾತ್ರ ಹೊಸದು ನಿಲ್ಲಲೊಲ್ಲದು,
ಹಾಕಿದಷ್ಟೂ ಸಲ ನುಸುಳಿ ನನ್ನ ಲಂಗಕ್ಕೇ ಬಿತ್ತು.
ಬಗ್ಗಿ ನೋಡಿದೆ. ತೂತು ಸವೆದು, ಉದ್ದಕ್ಕೆ ಸೀಳಿ,
ಕಾಜಾ ಆಗಿತ್ತು.
ಕಾಜಾ ಅಂದಮೇಲೆ ಗುಂಡಿಯೇ ಬೇಕು.

ಓಂಕಾರಪ್ಪನ ಗುಂಡಿಯನ್ನು ಸೋಪಿನ ನೀರಲ್ಲಿ ತೊಳೆದೆ.
ಕೋಟಿಗೆ ಹಾಕುವ ಹಾಗೆ ಅಡಿಗೆ ಬೆಂಕಿಕಡ್ಡಿ ಇಟ್ಟು
ತಂತಿ ಪೋಣಿಸಿ, ಕಡ್ಡಿ ಎಳೆದು,
ಉಳಿದ ಸಡಿಲಕ್ಕೆ ನಾಲ್ಕು ಸುತ್ತು ಸುತ್ತಿ ಕತ್ತು ಕಟ್ಟಿದೆ.
ನಡುಗಲಿಕ್ಕೆ ಅಷ್ಟಾದರೂ ಜಾಗ ಬೇಡವೇ.
ಗಂಟು ಹಿಂಬದಿಗೆ.

ಸಂಜೆ ಹೊಳೆ ಬಸ್‌ಸ್ಟಾಪಿನಿಂದ ತುಂಗೆಯ ಸೇತುವೆಗೆ ಹತ್ತಿಸಿದೆ.
ಮೂರನೇ ಗೇರು: ಇಲ್ಲ.
ನಾಲ್ಕು: ಇಲ್ಲ.
ಸೇತುವೆಯ ಬೆಸುಗೆ ದಾಟುವಾಗ, ಹಿಂದಿನಿಂದ,
ಇಷ್ಟು ದಿನ ಆ ಸದ್ದಿನಡಿ ಮುಚ್ಚಿಹೋಗಿದ್ದ
ತೆಳ್ಳಗಿನ ಇನ್ನೊಂದು ಕಿಣಿಕಿಣಿ.
ನಂಬರ್ ಪ್ಲೇಟಿರಬೇಕು.
ಪೊಟ್ಟಣದಲ್ಲಿ ಇನ್ನೂ ಒಂಬತ್ತಿವೆ.